ದೀರ್ಘಕಾಲ ಸೇವೆ ಮಾಡಿದ ಸಭಾಪಾಲಕರ ಬೀಳ್ಕೊಡುಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಕ್ರೈಸ್ತ ಸಭೆಯಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷ ಸೇವೆ ಮಾಡಿದ ಸಭಾಪಾಲಕರು ತಾವು ದೀಕ್ಷಾಸ್ನಾನ ಕೊಟ್ಟ ಮಗುವಿನ ಮದುವೆಯನ್ನೂ ತಾವೇ ನಡೆಸಿಕೊಟ್ಟಿರುತ್ತಾರೆ, ಆ ಮಗುವಿನ ಅಜ್ಜಿಯ ಸಮಾಧಿಯ ಬಳಿ ನಿಂತು ಪ್ರಾರ್ಥಿಸಿರುತ್ತಾರೆ. ಅಂಥವರು ಹೊರಡುವ ದಿನ ಬಂದಾಗ ಏನು ಹೇಳಬೇಕು, ಎಷ್ಟು ಹೇಳಬೇಕು, ಹೋದ ಮೇಲೆ ಹೇಗಿರಬೇಕು ಎಂಬ ಪ್ರಶ್ನೆಗಳು ಪಾಲಕರಿಗೂ ಸಭೆಯ ಹಿರಿಯರಿಗೂ ಒಟ್ಟಿಗೇ ಎದುರಾಗುತ್ತವೆ. ನಾನೂ ಹಾಗೆ ಒಂದು ಸಭೆಯಿಂದ ಹೊರಟವನು. ಹೊರಡುವಾಗ ಕೆಲವನ್ನು ಸರಿಯಾಗಿ ಮಾಡಿದೆ, ಕೆಲವನ್ನು ಕೆಡಿಸಿದೆ. ಈ ಉತ್ತರಗಳಲ್ಲಿ ಎರಡೂ ಸೇರಿವೆ.

ಪಾಲಕರು ಹೊರಡಬೇಕೆಂದು ತೀರ್ಮಾನಿಸುವವರು ಯಾರು?

ಅದು ಆಯಾ ಸಭೆಯ ಆಡಳಿತ ಪದ್ಧತಿಯನ್ನು ಅವಲಂಬಿಸಿದೆ. ಬಿಷಪ್ಪರ ಆಡಳಿತವಿರುವ ಸಭೆಗಳಲ್ಲಿ ವರ್ಗಾವಣೆಯ ಅಧಿಕಾರ ಬಿಷಪ್ಪರದು. ಮೆಥೊಡಿಸ್ಟ್ ಪರಂಪರೆಯಲ್ಲಿ ಬೋಧಕರು ಸ್ಥಳದಿಂದ ಸ್ಥಳಕ್ಕೆ ಹೋಗುತ್ತಲೇ ಇರಬೇಕೆಂಬುದು ಮೊದಲಿನಿಂದ ಬಂದ ನಿಯಮ. ಒಬ್ಬರೇ ಒಂದೇ ಕಡೆ ಬಹುಕಾಲ ನಿಲ್ಲುವುದು ಆ ಪರಂಪರೆಯ ಸ್ಥಾಪಕ ಜಾನ್ ವೆಸ್ಲಿಗೆ ಸಮ್ಮತವಾಗಿರಲಿಲ್ಲ. ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಪಾಲಕರಿಗೂ ಸಭೆಗೂ ಇರುವ ಸಂಬಂಧವನ್ನು ಬಿಡಿಸುವುದಕ್ಕೆ ಪ್ರೆಸ್ಬಿಟರಿಯ, ಅಂದರೆ ಆ ಪ್ರದೇಶದ ಸಭೆಗಳ ಆಡಳಿತ ಮಂಡಳಿಯ, ಒಪ್ಪಿಗೆ ಬೇಕು. ಬ್ಯಾಪ್ಟಿಸ್ಟ್ ಮತ್ತು ಕಾಂಗ್ರಿಗೇಷನಲ್ ಸಭೆಗಳಲ್ಲಿ ಕರೆಯುವುದೂ ಕಳುಹಿಸುವುದೂ ಸ್ಥಳೀಯ ಸಭೆಯ ಹಕ್ಕು.

ವಯಸ್ಸಿನ ಮಿತಿಯೂ ಒಂದು ಕಾರಣ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 538ನೆಯ ನಿಯಮದಂತೆ ಧರ್ಮಕೇಂದ್ರದ ಗುರುಗಳು 75 ವರ್ಷ ತುಂಬಿದಾಗ ತಮ್ಮ ಬಿಷಪ್ಪರಿಗೆ ರಾಜೀನಾಮೆ ಸಲ್ಲಿಸಬೇಕೆಂದು ಕೋರಲಾಗುತ್ತದೆ. ಅದನ್ನು ಅಂಗೀಕರಿಸುವುದೋ ಮುಂದೂಡುವುದೋ ಬಿಷಪ್ಪರ ವಿವೇಚನೆಗೆ ಬಿಟ್ಟದ್ದು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ 1975ರ ಶಾಸನವೊಂದು ಸಾಮಾನ್ಯವಾಗಿ 70 ವರ್ಷವನ್ನು ಮಿತಿಯಾಗಿ ಇರಿಸಿತು. ಇಂಥ ನಿಯಮವಿರುವ ಕಡೆ ಬೀಳ್ಕೊಡುಗೆ ಒಂದು ರೀತಿಯಲ್ಲಿ ಸುಲಭ, ಏಕೆಂದರೆ ಯಾರೂ ಯಾರನ್ನೂ ಕಳುಹಿಸಿದಂತಾಗುವುದಿಲ್ಲ. ನಿಯಮವಿಲ್ಲದ ಕಡೆ ಪಾಲಕರೇ ತಮ್ಮ ಶಕ್ತಿಯನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳಬೇಕಾಗುತ್ತದೆ, ಮತ್ತು ನಮ್ಮಲ್ಲಿ ಬಹುಮಂದಿಗೆ ಆ ಅಳತೆ ಬರುವುದಿಲ್ಲ.

ಸುದ್ದಿಯನ್ನು ಸಭೆಗೆ ಯಾವಾಗ, ಹೇಗೆ ತಿಳಿಸಬೇಕು?

ಮೊದಲು ಮೇಲಧಿಕಾರಿಗಳಿಗೆ, ಬಳಿಕ ಸಭೆಯ ಹಿರಿಯರಿಗೆ, ಅದಾದ ಕೆಲವೇ ದಿನಗಳೊಳಗೆ ಇಡೀ ಸಭೆಗೆ ತಿಳಿಸುವುದು ಒಳ್ಳೆಯ ಕ್ರಮ. ಹಿರಿಯರಿಗೆ ಗೊತ್ತಾದ ಸುದ್ದಿ ತಿಂಗಳುಗಟ್ಟಲೆ ಗುಟ್ಟಾಗಿ ಉಳಿಯುವುದಿಲ್ಲ. ಗುಸುಗುಸು ಮಾತಿನಿಂದ ವಿಷಯ ತಿಳಿದವರು ತಮ್ಮನ್ನು ಹೊರಗಿನವರಂತೆ ನಡೆಸಿಕೊಂಡರೆಂದು ಬಹುಕಾಲ ನೊಂದುಕೊಳ್ಳುತ್ತಾರೆ. ಭಾನುವಾರದ ಆರಾಧನೆಯ ಕೊನೆಯಲ್ಲಿ ಪಾಲಕರು ತಾವೇ ಹೇಳಬೇಕು. ಅದೇ ವಿಷಯವನ್ನು ಒಂದು ಪತ್ರವಾಗಿ ಬರೆದು, ಅಂದು ಬರಲಾಗದವರಿಗೂ ಹಾಸಿಗೆ ಹಿಡಿದವರಿಗೂ ಅದೇ ದಿನ ತಲುಪಿಸಬೇಕು. ಪ್ರಕಟಣೆಗೂ ಕೊನೆಯ ಭಾನುವಾರಕ್ಕೂ ನಡುವೆ ಎರಡು ಮೂರು ತಿಂಗಳಿದ್ದರೆ ಸಾಕು. ಒಂದು ವರ್ಷ ಮೊದಲೇ ಹೇಳಿದರೆ ಆ ವರ್ಷವೆಲ್ಲ ಹೊರಡುವ ಮಾತೇ ಆಗಿ, ಮಾಡಬೇಕಾದ ಕೆಲಸ ನಿಂತುಹೋಗುತ್ತದೆ. ಎರಡು ವಾರ ಮೊದಲು ಹೇಳಿದರೆ ಓಡಿಹೋದಂತೆ ಕಾಣುತ್ತದೆ.

ಹೊರಡುವ ಕಾರಣವನ್ನು ಎಷ್ಟು ವಿವರಿಸಬೇಕು?

ನಿಜವಾದಷ್ಟನ್ನು ಹೇಳಬೇಕು, ಎಲ್ಲವನ್ನೂ ಹೇಳಬೇಕಾಗಿಲ್ಲ. ಆರೋಗ್ಯ, ವಯಸ್ಸು, ಬೇರೆ ಸಭೆಯ ಕರೆ, ಕುಟುಂಬದ ಹೊಣೆ, ಇವುಗಳಲ್ಲಿ ಯಾವುದಿದ್ದರೂ ಎರಡು ವಾಕ್ಯಗಳಲ್ಲಿ ತಿಳಿಸಬಹುದು. ಕಾರಣ ಸಭೆಯೊಳಗಿನ ಭಿನ್ನಾಭಿಪ್ರಾಯವಾಗಿದ್ದರೆ ಅದನ್ನು ಆರೋಗ್ಯದ ಮಾತಿನಿಂದ ಮುಚ್ಚುವುದು ಸರಿಯಲ್ಲ. ಹಾಗೆಂದು ವೇದಿಕೆಯ ಮೇಲೆ ನಿಂತು ಹೆಸರು ಹೆಸರಾಗಿ ಲೆಕ್ಕ ಒಪ್ಪಿಸುವುದು ಇನ್ನೂ ತಪ್ಪು. ಎಲ್ಲ ಕಾರಣವನ್ನೂ ‘ದೇವರ ಚಿತ್ತ’ ಎಂಬ ಒಂದು ಮಾತಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ಅಭ್ಯಾಸವೂ ನಮ್ಮಲ್ಲಿದೆ. ಆ ಮಾತನ್ನು ನಂಬಿ ಹೇಳುವವರ ಬಗ್ಗೆ ನನಗೆ ಗೌರವವಿದೆ, ಆದರೆ ಕೇಳುವವರಿಗೆ ಅದರ ನಂತರ ಒಂದು ಪ್ರಶ್ನೆಯನ್ನೂ ಕೇಳಲು ಬಾಯಿಲ್ಲದಂತೆ ಆಗುತ್ತದೆ ಎಂಬುದನ್ನು ಅವರು ಗಮನಿಸಬೇಕು.

ಕೊನೆಯ ಪ್ರಸಂಗದಲ್ಲಿ (ಆರಾಧನೆಯ ಉಪದೇಶದಲ್ಲಿ) ಏನು ಹೇಳಬೇಕು?

ಹೆಚ್ಚು ಮಂದಿ ಕೇಳುವ ಪ್ರಶ್ನೆ ಇದೇ. ಇದಕ್ಕೆ ಹಳೆಯ ಮಾದರಿಗಳು ಹಲವಿವೆ. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ತಮಗೆ ಯಾವುದು ಹೊಂದುತ್ತದೆಂದು ತಿಳಿಯುತ್ತದೆ.

ಬೈಬಲಿನ ಅಪೊಸ್ತಲರ ಕೃತ್ಯಗಳು 20ನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಯೆರೂಸಲೇಮಿಗೆ ಹೋಗುವ ಅವಸರದಲ್ಲಿ ಎಫೆಸಕ್ಕೆ ಹೋಗದೆ ಮಿಲೇತದಲ್ಲಿ ಇಳಿದು, ಎಫೆಸದ ಸಭೆಯ ಹಿರಿಯರನ್ನು ಅಲ್ಲಿಗೇ ಕರೆಯಿಸಿಕೊಂಡು ಬೀಳ್ಕೊಂಡ ಕಥೆಯಿದೆ. ಮೂರು ವರ್ಷ ಹಗಲಿರುಳು ಕಣ್ಣೀರಿನಿಂದ ಬುದ್ಧಿಹೇಳಿದ್ದನ್ನು ಆತ ನೆನಪಿಸುತ್ತಾನೆ, ಯಾರ ಬೆಳ್ಳಿಬಂಗಾರಕ್ಕೂ ಆಸೆಪಡಲಿಲ್ಲವೆಂದು ಹೇಳುತ್ತಾನೆ, ತಾನು ಹೋದ ಮೇಲೆ ಬರಬಹುದಾದ ಅಪಾಯಗಳನ್ನು ಮುಚ್ಚಿಡುವುದಿಲ್ಲ, ಕೊನೆಗೆ ಅವರನ್ನು ದೇವರಿಗೂ ಆತನ ವಾಕ್ಯಕ್ಕೂ ಒಪ್ಪಿಸುತ್ತಾನೆ. ‘ಒಪ್ಪಿಸುವುದು’ ಎಂಬ ಈ ಕ್ರಿಯೆಯೇ ಬೀಳ್ಕೊಡುಗೆಯ ತಿರುಳು ಎಂದು ನನ್ನ ಅಭಿಪ್ರಾಯ. ಪೌಲನು ಅವರನ್ನು ಇನ್ನೊಬ್ಬ ಮನುಷ್ಯನ ಕೈಗೂ ಕೊಡಲಿಲ್ಲ, ತನ್ನ ನೆನಪಿನ ವಶಕ್ಕೂ ಬಿಡಲಿಲ್ಲ.

ಇಸ್ರಾಯೇಲ್ಯರ ಪ್ರವಾದಿ ಸಮುವೇಲನ ಮಾತು ಬೇರೆ ಬಗೆಯದು. ಸಮುವೇಲನ ಮೊದಲನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಆತ ಜನರೆದುರು ನಿಂತು, ತಾನು ಯಾರ ಎತ್ತನ್ನಾದರೂ ಕತ್ತೆಯನ್ನಾದರೂ ತೆಗೆದುಕೊಂಡಿದ್ದರೆ, ಯಾರಿಗಾದರೂ ಅನ್ಯಾಯ ಮಾಡಿದ್ದರೆ, ಯಾರಿಂದಾದರೂ ಲಂಚ ಪಡೆದಿದ್ದರೆ ಈಗಲೇ ಹೇಳಿರಿ, ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ಲೆಕ್ಕಪತ್ರವನ್ನು ಹೀಗೆ ಬಹಿರಂಗವಾಗಿ ಒಪ್ಪಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಅದೇ ಅಧ್ಯಾಯದ ಕೊನೆಯಲ್ಲಿ, ನಿಮಗಾಗಿ ಪ್ರಾರ್ಥಿಸುವುದನ್ನು ಬಿಟ್ಟರೆ ಅದು ನನಗೆ ಪಾಪವಾಗುತ್ತದೆ ಎಂದೂ ಆತ ಹೇಳುತ್ತಾನೆ. ಅಧಿಕಾರ ಬಿಟ್ಟವನಿಗೂ ಪ್ರಾರ್ಥನೆಯ ಕೆಲಸ ಉಳಿದಿರುತ್ತದೆಂಬುದು ಅದರಿಂದ ತಿಳಿಯುತ್ತದೆ.

ಸಭೆಯ ಇತಿಹಾಸದಲ್ಲಿಯೂ ಉದಾಹರಣೆಗಳಿವೆ. ನಜಿಯಾನ್ಜಸ್‌ನ ಗ್ರೆಗರಿ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಪದವಿಯನ್ನು ಬಿಟ್ಟಾಗ ಕೊಟ್ಟ ವಿದಾಯದ ಭಾಷಣ ಆತನ 42ನೆಯ ಉಪದೇಶವೆಂದು ಇಂದಿಗೂ ಓದಲ್ಪಡುತ್ತದೆ. ಇಂಗ್ಲೆಂಡಿನಲ್ಲಿ ಎಲ್ಲ ಕಡೆ ಒಂದೇ ಪ್ರಾರ್ಥನಾ ಗ್ರಂಥ ಬಳಸಬೇಕೆಂದ 1662ರ ಏಕರೂಪತೆಯ ಶಾಸನಕ್ಕೆ ಒಪ್ಪದ ಪಾಲಕರು ಆ ವರ್ಷದ ಆಗಸ್ಟ್ 24ರೊಳಗೆ ತಮ್ಮ ಸ್ಥಾನಗಳನ್ನು ಬಿಡಬೇಕಾಯಿತು. ಅದಕ್ಕೂ ಹಿಂದಿನ ಭಾನುವಾರವಾದ ಆಗಸ್ಟ್ 17ರಂದು ಅನೇಕರು ತಮ್ಮ ಕೊನೆಯ ಪ್ರಸಂಗ ಮಾಡಿದರು. ಆ ವರ್ಷಗಳಲ್ಲಿ ಸ್ಥಾನ ಕಳೆದುಕೊಂಡವರ ಸಂಖ್ಯೆ ಒಟ್ಟು ಸುಮಾರು 2000 ಎನ್ನುತ್ತಾರೆ. ಆ ಪ್ರಸಂಗಗಳಲ್ಲಿ ಹಲವು ಬೇಗನೆ ಮುದ್ರಣಗೊಂಡು ಜನರ ಕೈಸೇರಿದವು.

ಎಲ್ಲಕ್ಕಿಂತ ಕಠಿಣವಾದದ್ದು ಜೊನಾಥನ್ ಎಡ್ವರ್ಡ್ಸ್‌ರದು. ಅಮೆರಿಕದ ನಾರ್ಥಾಂಪ್ಟನ್ನಿನಲ್ಲಿ ಇಪ್ಪತ್ತಮೂರು ವರ್ಷ ಸೇವೆ ಮಾಡಿದ ಅವರನ್ನು, ಕರ್ತರ ಭೋಜನಕ್ಕೆ (ಯೇಸುವಿನ ಕೊನೆಯ ಊಟದ ನೆನಪಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೆ) ಯಾರನ್ನು ಸೇರಿಸಬೇಕೆಂಬ ವಿವಾದದಲ್ಲಿ ಸಭೆಯೇ 1750ರ ಜೂನ್‌ನಲ್ಲಿ ಬಹುಮತದಿಂದ ಬಿಡುಗಡೆ ಮಾಡಿತು. ಜುಲೈ 1ರಂದು ಅವರು ಅದೇ ಜನರೆದುರು ನಿಂತು 2 ಕೊರಿಂಥ 1:14ರ ಮೇಲೆ ಪ್ರಸಂಗಿಸಿದರು. ಪಾಲಕನೂ ಸಭೆಯೂ ನ್ಯಾಯತೀರ್ಪಿನ ದಿನ ಮತ್ತೊಮ್ಮೆ ಎದುರುಬದುರಾಗಿ ನಿಲ್ಲಬೇಕಾಗುತ್ತದೆಂಬುದು ಅದರ ವಿಷಯ. ಅದರಲ್ಲಿ ಬೈಗುಳವಿಲ್ಲ, ಆದರೆ ಮೃದುತ್ವವೂ ಹೆಚ್ಚಿಲ್ಲ. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಬೇರೆ ಬೋಧಕರು ಸಿಗದ ಕಾರಣ ಆ ಸಭೆ ಮುಂದಿನ ಕೆಲವು ತಿಂಗಳು ಮತ್ತೆ ಮತ್ತೆ ಅವರನ್ನೇ ಪ್ರಸಂಗಕ್ಕೆ ಕರೆಯಿತು, ಅವರೂ ಹೋದರು.

ಇಷ್ಟನ್ನು ಓದಿದ ಮೇಲೆ ನನ್ನ ಸಲಹೆ ಚಿಕ್ಕದು. ಅಂದಿನ ವೇದಭಾಗವನ್ನೇ ವಿವರಿಸಿರಿ. ನಿಮ್ಮ ಜೀವನಚರಿತ್ರೆಯನ್ನು ಅದರೊಳಗೆ ತುರುಕಬೇಡಿರಿ. ಕೃತಜ್ಞತೆಯನ್ನು ಬಿಡಿಯಾಗಿ ಹೇಳಿರಿ: ಆರಾಧನೆಗೆ ಮೊದಲೇ ಬಂದು ಕುರ್ಚಿ ಸಾಲು ಹಾಕುತ್ತಿದ್ದವರಿಗೆ, ನಿಮ್ಮ ಕಾಯಿಲೆಯ ದಿನಗಳಲ್ಲಿ ಪ್ರಸಂಗದ ಹೊಣೆ ಹೊತ್ತವರಿಗೆ. ‘ಎಲ್ಲರಿಗೂ ವಂದನೆ’ ಎಂದರೆ ಯಾರಿಗೂ ತಲುಪುವುದಿಲ್ಲ. ಹೆಸರು ಹಿಡಿದು ವಂದಿಸುವುದಾದರೆ ಪಟ್ಟಿಯನ್ನು ಇನ್ನೊಬ್ಬರಿಗೆ ತೋರಿಸಿಕೊಳ್ಳಿರಿ, ಏಕೆಂದರೆ ಬಿಟ್ಟುಹೋದ ಒಂದು ಹೆಸರು ಹೇಳಿದ ಐವತ್ತು ಹೆಸರುಗಳಿಗಿಂತ ಹೆಚ್ಚು ಕಾಲ ನೆನಪಿನಲ್ಲಿರುತ್ತದೆ.

ಮಾತಿನ ನಡುವೆ ಅಳು ಬಂದರೆ?

ಬರಲಿ. ಮಿಲೇತದಲ್ಲಿ ಹಿರಿಯರೆಲ್ಲ ಪೌಲನ ಕೊರಳನ್ನು ಅಪ್ಪಿಕೊಂಡು ಬಹಳವಾಗಿ ಅತ್ತರೆಂದೇ ಬರೆದಿದೆ. ಒಂದು ಲೋಟ ನೀರನ್ನೂ ಪ್ರಸಂಗದ ಬರೆದ ಪ್ರತಿಯನ್ನೂ ಹತ್ತಿರ ಇಟ್ಟುಕೊಂಡಿದ್ದರೆ ಸಾಕು.

ಮನಸ್ತಾಪ ಉಳಿದವರೊಡನೆ ಹೇಗೆ ನಡೆದುಕೊಳ್ಳಬೇಕು?

ಹೊರಡುವ ಮುನ್ನ ಅವರ ಮನೆಗೆ ಹೋಗಬೇಕು. ಯಾವ ಸಭೆಯಲ್ಲಿಯಾದರೂ ಇಪ್ಪತ್ತು ವರ್ಷ ಇದ್ದವರಿಗೆ, ತಮ್ಮನ್ನು ಕಂಡರೆ ಮುಖ ತಿರುಗಿಸುವ ಎರಡು ಮೂರು ಮನೆಗಳಾದರೂ ಇದ್ದೇ ಇರುತ್ತವೆ. ಎಂದೋ ಒಂದು ಸಾವಿನ ಹೊತ್ತಿಗೆ ಪಾಲಕರು ಬಾರದೆ ಹೋದದ್ದು, ಮಗನ ಮದುವೆಯ ವಿಷಯದಲ್ಲಿ ನಿಯಮ ಹಿಡಿದು ನಿಂತದ್ದು, ಸಮಿತಿಯ ಸಭೆಯಲ್ಲಿ ಎಲ್ಲರೆದುರು ಮಾತು ಕಡಿದದ್ದು, ಇಂಥವೇ ಕಾರಣಗಳು. ಪಾಲಕರಿಗೆ ಅದು ಮರೆತೇ ಹೋಗಿರುತ್ತದೆ, ಆ ಮನೆಯವರಿಗೆ ದಿನಾಂಕ ಸಹಿತ ನೆನಪಿರುತ್ತದೆ.

ಹೋದಾಗ ವಿವರಣೆ ಕೊಡಲು ಹೋಗಬೇಡಿರಿ. ‘ನನ್ನಿಂದ ನಿಮಗೆ ನೋವಾಯಿತು, ಕ್ಷಮಿಸಿರಿ’ ಎಂಬುದಕ್ಕೆ ‘ಆದರೆ’ ಎಂಬ ಮಾತು ಸೇರಿದರೆ ಕ್ಷಮೆ ಅಲ್ಲಿಗೇ ಮುಗಿಯಿತು. ಅವರು ಕ್ಷಮಿಸದಿರಬಹುದು, ಬಾಗಿಲನ್ನೇ ತೆರೆಯದಿರಬಹುದು. ಹಾಗಾದರೂ ಹೋದದ್ದು ವ್ಯರ್ಥವಲ್ಲ, ಏಕೆಂದರೆ ಬರುವ ಪಾಲಕರು ಆ ಮನೆಗೆ ಹೋದಾಗ ಹಳೆಯ ಸಿಟ್ಟಿನ ಭಾರ ಅಷ್ಟರಮಟ್ಟಿಗಾದರೂ ಇಳಿದಿರುತ್ತದೆ. ನಾನು ಹೋಗಬೇಕಾಗಿದ್ದ ಮೂರು ಮನೆಗಳಲ್ಲಿ ಎರಡಕ್ಕೆ ಹೋದೆ. ಮೂರನೆಯದಕ್ಕೆ ಹೋಗದಿರಲು ಹೊರಡುವ ವಾರದ ಗಡಿಬಿಡಿ ಎಂಬ ನೆಪವಿತ್ತು.

ಬೀಳ್ಕೊಡುಗೆಯ ಆರಾಧನೆಗೆ ಬೇರೆಯೇ ಕ್ರಮವಿದೆಯೇ?

ಕೆಲವು ಸಭೆಗಳ ಆರಾಧನಾ ಗ್ರಂಥಗಳಲ್ಲಿ ಇದೆ. ಯುನೈಟೆಡ್ ಮೆಥೊಡಿಸ್ಟ್ ಸಭೆಯ 1992ರ ಆರಾಧನಾ ಗ್ರಂಥದಲ್ಲಿ ಪಾಲಕರ ಬೀಳ್ಕೊಡುಗೆಗೆಂದೇ ಒಂದು ಕ್ರಮ ಸಿಗುತ್ತದೆ. ಹೊರಡುವ ಪಾಲಕರು ಸಭೆಗೆ ವಂದನೆ ಸಲ್ಲಿಸಿ, ತಮ್ಮಿಂದಾದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಸಭೆ ಕ್ಷಮೆಯನ್ನು ಕೊಟ್ಟು, ತಾನೂ ಕ್ಷಮೆ ಕೇಳುತ್ತದೆ. ಪಾಲಕರು ಇನ್ನು ಮುಂದೆ ತಮ್ಮ ಮೇಲೆ ಅವಲಂಬಿಸುವುದರಿಂದ ಸಭೆಯನ್ನು ಬಿಡುಗಡೆ ಮಾಡುತ್ತಾರೆ, ಸಭೆಯೂ ಅವರನ್ನು ಅವರ ಹೊಣೆಗಳಿಂದ ಬಿಡಿಸುತ್ತದೆ. ಸನ್ಮಾನದ ಮಾತುಗಳು ಎಷ್ಟೇ ಚೆನ್ನಾಗಿದ್ದರೂ ಅವುಗಳಿಂದ ಆಗದ ಕೆಲಸವನ್ನು ಈ ನಾಲ್ಕು ವಾಕ್ಯಗಳು ಮಾಡುತ್ತವೆ: ಸಂಬಂಧ ಕಡಿಯದೆ ಹೊಣೆ ಕಳಚುತ್ತದೆ, ಅದೂ ಎಲ್ಲರ ಕಿವಿಗೆ ಬೀಳುವಂತೆ. ನಿಮ್ಮ ಸಭೆಯ ಗ್ರಂಥದಲ್ಲಿ ಇಂಥ ಕ್ರಮವಿಲ್ಲದಿದ್ದರೆ ಹಿರಿಯರ ಒಪ್ಪಿಗೆ ಪಡೆದು ಸರಳವಾಗಿ ಬರೆದುಕೊಳ್ಳಬಹುದು.

ಕೀಲಿಕೈಗಳನ್ನೂ ದಾಖಲೆ ಪುಸ್ತಕವನ್ನೂ ಹಿರಿಯರ ಕೈಗೆ ಆರಾಧನೆಯ ನಡುವೆಯೇ ಕೊಡುವ ರೂಢಿ ಕೆಲವೆಡೆ ಇದೆ. ನೋಡುವವರಿಗೆ ಅದು ಮಾತಿಗಿಂತ ಸ್ಪಷ್ಟವಾಗಿರುತ್ತದೆ. ಕೊನೆಯ ಆಶೀರ್ವಚನವನ್ನು ಮಾತ್ರ ಅವಸರದಲ್ಲಿ ಮುಗಿಸಬಾರದು. ಬೈಬಲಿನ ಅರಣ್ಯಕಾಂಡ 6ನೆಯ ಅಧ್ಯಾಯದಲ್ಲಿರುವ, ಯಾಜಕ ಆರೋನನ ಆಶೀರ್ವಾದವನ್ನು ಅಲ್ಲಿ ಇದ್ದಂತೆಯೇ ಹೇಳಿದರೆ ಸಾಕು. ಅದಕ್ಕೆ ತಮ್ಮ ಮಾತು ಸೇರಿಸಬೇಕಾಗಿಲ್ಲ.

ಸನ್ಮಾನ, ಉಡುಗೊರೆ, ಕಾಣಿಕೆಯ ವಿಷಯದಲ್ಲಿ ಏನು ಮಾಡಬೇಕು?

ಸಮಾರಂಭವನ್ನು ಆರಾಧನೆಯಿಂದ ಬೇರ್ಪಡಿಸಿರಿ, ಭಾಷಣ ಮಾಡುವವರ ಸಂಖ್ಯೆಗೆ ಮಿತಿ ಹಾಕಿರಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಓದಬಾರದು. ಪಾಲಕರು ಕೊಟ್ಟದ್ದನ್ನು ಸಂತೋಷದಿಂದ ತೆಗೆದುಕೊಳ್ಳಬೇಕು. ಬೇಡ ಬೇಡವೆಂದು ಹಿಂದೆ ಸರಿಯುವುದು ವಿನಯವೆನಿಸಿದರೂ ಕೊಡುವವರ ಕೈ ಸೋಲುತ್ತದೆ.

ಹೊರಡುವ ಪಾಲಕರು ಯಾವ ಯಾವುದನ್ನು ಒಪ್ಪಿಸಬೇಕು?

ದೀಕ್ಷಾಸ್ನಾನ, ಮದುವೆ ಮತ್ತು ಮರಣದ ದಾಖಲೆ ಪುಸ್ತಕಗಳು ಮೊದಲು ಬರುತ್ತವೆ. ಕಥೋಲಿಕ ಸಂಹಿತೆಯ 535ನೆಯ ನಿಯಮ ಪ್ರತಿ ಧರ್ಮಕೇಂದ್ರವೂ ಈ ಮೂರನ್ನು ಇಟ್ಟಿರಬೇಕೆನ್ನುತ್ತದೆ. ಬೇರೆ ಸಭೆಗಳಲ್ಲಿಯೂ ಹೆಚ್ಚುಕಡಿಮೆ ಇವೇ ಇರುತ್ತವೆ. ಬರೆಯದೆ ಉಳಿದ ನಮೂದುಗಳನ್ನು ಹೊರಡುವ ಮೊದಲೇ ಬರೆದು ಸಹಿ ಹಾಕಬೇಕು. ವರ್ಷಗಳ ನಂತರ ಯಾರಾದರೂ ಪ್ರಮಾಣಪತ್ರಕ್ಕೆ ಬಂದಾಗ ಆ ಪುಟ ಖಾಲಿಯಿದ್ದರೆ ಅದನ್ನು ತುಂಬಿಸಲು ಯಾರಿಂದಲೂ ಆಗುವುದಿಲ್ಲ. ಜೊತೆಗೆ ಬ್ಯಾಂಕ್ ಖಾತೆಯ ಸಹಿಯ ಅಧಿಕಾರ, ಆಸ್ತಿಪತ್ರಗಳು, ಬೀಗದ ಕೈಗಳು, ಕಂಪ್ಯೂಟರಿನ ಪಾಸ್‌ವರ್ಡ್‌ಗಳು ಇವೆಲ್ಲವನ್ನೂ ಪಟ್ಟಿ ಮಾಡಿ, ಇಬ್ಬರು ಹಿರಿಯರ ಸಹಿ ಪಡೆದು ಒಪ್ಪಿಸಬೇಕು.

ಕಾಗದದಲ್ಲಿಲ್ಲದ ಸಂಗತಿಗಳೂ ಇವೆ. ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ಮನೆಯಲ್ಲೇ ಕರ್ತರ ಭೋಜನ ಕೊಡಬೇಕು, ಯಾವ ಮನೆಯಲ್ಲಿ ಇತ್ತೀಚೆಗೆ ಸಾವಾಗಿದೆ, ಇವನ್ನು ಬರುವವರಿಗೆ ತಿಳಿಸಬೇಕು. ಆದರೆ ಗುಟ್ಟಾಗಿ ಹೇಳಿಕೊಂಡದ್ದನ್ನು ತಿಳಿಸುವಂತಿಲ್ಲ. ಕಥೋಲಿಕ ಪರಂಪರೆಯಲ್ಲಿ ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಹೊರಗೆಡಹಬಾರದೆಂದು 983ನೆಯ ನಿಯಮ ಹೇಳುತ್ತದೆ. ಅಂಥ ಲಿಖಿತ ನಿಯಮವಿಲ್ಲದ ಸಭೆಗಳಲ್ಲಿಯೂ ನಂಬಿ ಹೇಳಿದವರ ಮಾತು ಕೇಳಿದವರೊಡನೆಯೇ ಹೋಗಬೇಕು. ಒಬ್ಬರಿಗೆ ಮುಂದೆಯೂ ಆಸರೆ ಬೇಕೆನಿಸಿದರೆ ಅವರನ್ನೇ ಕೇಳಿ, ಅವರು ಒಪ್ಪಿದಷ್ಟನ್ನು ಮಾತ್ರ ಹೇಳಬಹುದು. ಮಗುವಿಗೋ ದುರ್ಬಲರಿಗೋ ಅಪಾಯವಿರುವ ಸಂದರ್ಭ ಬೇರೆ. ಅಲ್ಲಿ ಕಾನೂನೂ ಸಭೆಯ ರಕ್ಷಣಾ ನಿಯಮಗಳೂ ಹೇಳುವಂತೆ ನಡೆಯಬೇಕು, ಅದಕ್ಕೆ ಬೀಳ್ಕೊಡುಗೆಯವರೆಗೆ ಕಾಯಲೂಬಾರದು.

ತಮ್ಮ ನಂತರ ಬರುವವರ ಆಯ್ಕೆಯಲ್ಲಿ ಹೊರಡುವವರ ಪಾತ್ರವೇನು?

ಸಾಮಾನ್ಯವಾಗಿ ಏನೂ ಇಲ್ಲ, ಹಾಗಿರುವುದೇ ಒಳ್ಳೆಯದು. ಇಸ್ರಾಯೇಲ್ಯರ ನಾಯಕ ಮೋಶೆ ತನ್ನ ನಂತರದ ನಾಯಕನಾಗಿ ಯೆಹೋಶುವನ ಮೇಲೆ ಕೈಯಿಟ್ಟು ನೇಮಿಸಿದ್ದನ್ನು ಕೆಲವರು ಎತ್ತಿ ತೋರಿಸುತ್ತಾರೆ. ಆದರೆ ಅರಣ್ಯಕಾಂಡ 27ರಲ್ಲಿ ಮೋಶೆ ಕೇಳಿಕೊಳ್ಳುವುದು ಜನರು ಕುರುಬನಿಲ್ಲದ ಕುರಿಗಳಂತಾಗದಿರಲಿ ಎಂದಷ್ಟೇ. ಹೆಸರು ಸೂಚಿಸಿದವನು ದೇವರು. ಧರ್ಮೋಪದೇಶಕಾಂಡ 31ರಲ್ಲಿ 120 ವರ್ಷದ ಮೋಶೆ ಎಲ್ಲ ಜನರ ಕಣ್ಣೆದುರಿಗೇ ಯೆಹೋಶುವನಿಗೆ ಧೈರ್ಯ ಹೇಳುವುದು ಮಾತ್ರ ಎಲ್ಲ ಪಾಲಕರೂ ಅನುಸರಿಸಬಹುದಾದ ಮಾದರಿ. ಬರುವವರು ಗೊತ್ತಾಗಿದ್ದರೆ ಅವರ ಹೆಸರನ್ನು ಕೊನೆಯ ಭಾನುವಾರದ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಹೇಳಿರಿ. ಆಯ್ಕೆ ಸಮಿತಿಯವರು ‘ಇವರು ಹೇಗೆ, ಅವರು ಹೇಗೆ’ ಎಂದು ರಾತ್ರಿ ಫೋನ್ ಮಾಡಿದರೆ ಉತ್ತರಿಸಬೇಡಿರಿ.

ಹಳೆಯ ಪಾಲಕರು ಹೋಗಿ ಹೊಸಬರು ಬರುವ ನಡುವಿನ ಕಾಲಕ್ಕೆ ಹಂಗಾಮಿ ಪಾಲಕರನ್ನು ನೇಮಿಸುವ ಪದ್ಧತಿ ಅನೇಕ ಪ್ರಾಟೆಸ್ಟಂಟ್ ಸಭೆಗಳಲ್ಲಿದೆ. ಬಹುಕಾಲ ಒಬ್ಬರೇ ಇದ್ದ ಸಭೆಗೆ ಇದು ವಿಶೇಷವಾಗಿ ಉಪಯುಕ್ತ. ಇಪ್ಪತ್ತೈದು ವರ್ಷ ಒಬ್ಬರ ಧ್ವನಿಗೆ ಒಗ್ಗಿದ ಕಿವಿ ಇನ್ನೊಂದು ಧ್ವನಿಗೆ ಒಂದೇ ವಾರದಲ್ಲಿ ಒಗ್ಗುವುದಿಲ್ಲ. ನೇರವಾಗಿ ಬಂದವರು ಎಷ್ಟೇ ಸಮರ್ಥರಾದರೂ ಹೋಲಿಕೆಯ ಪೆಟ್ಟು ತಿನ್ನುತ್ತಾರೆ.

ಹೋದ ಮೇಲೆ ಮದುವೆಗೋ ಅಂತ್ಯಕ್ರಿಯೆಗೋ ಕರೆದರೆ ಏನು ಮಾಡಬೇಕು?

ಹೊಸ ಪಾಲಕರ ಮೂಲಕ ಬಾರದ ಕರೆಯನ್ನು ಒಪ್ಪಿಕೊಳ್ಳಬಾರದು. ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆಯ ನಿಯಮಗ್ರಂಥದಲ್ಲಿ ಇದು ಸ್ಪಷ್ಟವಾಗಿ ಬರೆದಿದೆ: ಹಿಂದೆ ಸೇವೆ ಮಾಡಿದ ಪಾಲಕರು ಆ ಸಭೆಯ ಜನರಿಗೆ ಪಾಲನೆಯ ಸೇವೆ ಸಲ್ಲಿಸಬೇಕಾದರೆ ಹಿರಿಯರ ಮಂಡಳಿಯ ಅಧ್ಯಕ್ಷರ ಆಹ್ವಾನವಿರಬೇಕು. ಬರೆದಿರಲಿ ಬಿಡಲಿ, ಎಲ್ಲ ಸಭೆಗಳಲ್ಲಿಯೂ ಇದು ಬೇಕಾದ ನಿಯಮ.

ಇದನ್ನು ನಾನು ತಪ್ಪಿ ಕಲಿತೆ. ಹೊರಟ ಆರು ತಿಂಗಳಿಗೆ ಹಳೆಯ ಸಭೆಯ ಒಬ್ಬ ಹಿರಿಯರು ತೀರಿಕೊಂಡರು. ಅವರ ಹೆಂಡತಿ ರಾತ್ರಿ ಫೋನಿನಲ್ಲಿ ಅಳುತ್ತಾ, ‘ಪಾಸ್ಟರ್, ನೀವೇ ಬರಬೇಕು, ಅವರಿಗೆ ನೀವೇ ಎಲ್ಲ’ ಎಂದರು. ಹೊಸ ಪಾಲಕರಿಗೆ ಒಂದು ಮಾತೂ ಹೇಳದೆ ನಾನು ಹೋದೆ, ಸಮಾಧಿಯ ಬಳಿ ಪ್ರಾರ್ಥನೆಯನ್ನೂ ಮಾಡಿದೆ. ಹೊಸ ಪಾಲಕರು ಬೈಬಲ್ ಹಿಡಿದುಕೊಂಡು ಒಂದು ಬದಿಯಲ್ಲಿ ನಿಂತಿದ್ದರು. ಆ ಮನೆಯವರಿಗೆ ಅಂದು ಸಮಾಧಾನವಾಯಿತು. ಆದರೆ ದುಃಖದ ಮನೆಯಲ್ಲಿ ಹೊಸ ಪಾಲಕರು ಆ ಕುಟುಂಬಕ್ಕೆ ಪಾಲಕರಾಗಬಹುದಾಗಿದ್ದ ಗಳಿಗೆಯನ್ನು ನಾನು ಕಿತ್ತುಕೊಂಡಿದ್ದೆ. ಅಂಥ ಗಳಿಗೆ ಒಂದು ಮನೆಗೆ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಮುಂದೆ ಆ ಪಾಲಕರಲ್ಲಿ ಕ್ಷಮೆ ಕೇಳಿದಾಗ ‘ಪರವಾಗಿಲ್ಲ ಅಯ್ಯನವರೇ’ ಎಂದರು, ಇನ್ನೇನು ಹೇಳಿಯಾರು?

ಈಗ ಇಂಥ ಕರೆ ಬಂದರೆ ಹೀಗೆ ಹೇಳಬಹುದು: ‘ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ, ಸಾಧ್ಯವಾದರೆ ಬಂದು ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ. ಆರಾಧನೆಯನ್ನು ನಿಮ್ಮ ಪಾಲಕರು ನಡೆಸುತ್ತಾರೆ.’ ಹೊಸ ಪಾಲಕರು ತಾವಾಗಿಯೇ ವೇದಭಾಗ ಓದಲು ಕರೆದರೆ ಓದಬಹುದು. ಅವರನ್ನು ಹಾಗೆ ಕರೆಯುವಂತೆ ಒತ್ತಾಯಿಸಲು ಕುಟುಂಬದವರನ್ನು ಮುಂದೆ ಬಿಡುವುದು ಮಾತ್ರ ಮೋಸವೇ.

ಹಾಗಾದರೆ ಸ್ನೇಹವನ್ನೂ ಬಿಡಬೇಕೇ?

ಬೇಡ. ಬಿಡಬೇಕಾದದ್ದು ಪದವಿಯನ್ನು. ಹಬ್ಬಕ್ಕೆ ಶುಭಾಶಯ ಹೇಳುವುದು, ಒಬ್ಬರನ್ನೊಬ್ಬರು ಮನೆಗೆ ಕರೆಯುವುದು, ಮಕ್ಕಳ ಓದಿನ ಸುದ್ದಿ ಕೇಳುವುದು ಸ್ನೇಹ. ಸಮಿತಿಯ ತೀರ್ಮಾನದ ಬಗ್ಗೆ ಅಭಿಪ್ರಾಯ ಕೊಡುವುದು, ಹೊಸ ಪಾಲಕರ ಪ್ರಸಂಗ ಹೇಗಿತ್ತೆಂದು ವಿಚಾರಿಸುವುದು ಸ್ನೇಹದ ಹೆಸರಿನಲ್ಲಿ ನಡೆಯುವ ಪಾಲನೆ. ಯಾರಾದರೂ ಹೊಸಬರ ಮೇಲೆ ದೂರು ಹೇಳಲು ತೊಡಗಿದರೆ, ‘ಇದನ್ನು ಅವರೊಡನೆಯೇ ಮಾತನಾಡಿರಿ’ ಎಂದು ಮಾತು ಬದಲಿಸಬೇಕು. ಮುಖದಲ್ಲಿ ಸಣ್ಣ ನಗು ಮೂಡಿದರೂ ಸಾಕು, ಅದು ಮರುದಿನ ಒಪ್ಪಿಗೆಯಾಗಿ ಹರಡಿರುತ್ತದೆ. ಸಭೆಯ ವಾಟ್ಸ್‌ಆ್ಯಪ್ ಗುಂಪಿನಿಂದ ಕೊನೆಯ ಭಾನುವಾರದಂದೇ ಹೊರಬರುವುದು ಒಳ್ಳೆಯದು. ಸುಮ್ಮನೆ ಓದುತ್ತಿರುತ್ತೇನೆಂದು ಉಳಿದವರು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ.

ನಿವೃತ್ತಿಯ ನಂತರ ಅದೇ ಸಭೆಗೆ ಆರಾಧನೆಗೆ ಬರಬಹುದೇ?

ಮೊದಲ ಒಂದು ವರ್ಷವಾದರೂ ಬೇರೆ ಕಡೆ ಆರಾಧಿಸಿ, ಬಳಿಕ ಹೊಸ ಪಾಲಕರೊಡನೆ ಮಾತನಾಡಿ ತೀರ್ಮಾನಿಸುವುದು ಒಳ್ಳೆಯದು. ಮನೆ ಅಲ್ಲೇ ಹತ್ತಿರವಿದ್ದವರಿಗೆ ಇದು ಕಷ್ಟವೆಂದು ಬಲ್ಲೆ. ದೊಡ್ಡ ಪ್ರಮಾಣದಲ್ಲಿ ಇದೇ ತೊಡಕನ್ನು ಜಗತ್ತು ಕಂಡಿದೆ. ಪೋಪ್ ಹದಿನಾರನೆಯ ಬೆನೆಡಿಕ್ಟ್ 2013ರ ಫೆಬ್ರವರಿ 11ರಂದು ಪದತ್ಯಾಗವನ್ನು ಪ್ರಕಟಿಸಿ 28ರಂದು ಹೊರಟರು. ಆ ಕೊನೆಯ ದಿನ ಕಾರ್ಡಿನಲ್‌ಗಳ ಎದುರು, ಅವರ ನಡುವಿನಿಂದ ಮುಂದೆ ಆಯ್ಕೆಯಾಗುವವರಿಗೆ ತಾವು ಷರತ್ತಿಲ್ಲದ ಗೌರವವನ್ನೂ ವಿಧೇಯತೆಯನ್ನೂ ಸಲ್ಲಿಸುವುದಾಗಿ ವಾಗ್ದಾನ ಮಾಡಿದರು. ಅದಕ್ಕಿಂತ ಉತ್ತಮವಾದ ವಿದಾಯದ ಮಾತು ಸಿಗುವುದು ಕಷ್ಟ. ಆದರೂ 2022ರ ಡಿಸೆಂಬರ್ 31ರಂದು ತೀರಿಕೊಳ್ಳುವವರೆಗೆ ಅವರು ವ್ಯಾಟಿಕನ್ನಿನ ಒಳಗೇ ಬಿಳಿಯ ಉಡುಪಿನಲ್ಲಿ ವಾಸವಾಗಿದ್ದುದರಿಂದ, ಹೊಸ ಪೋಪರನ್ನು ಒಪ್ಪದ ಕೆಲವರು ಹಳಬರ ಹೆಸರು ಹಿಡಿದೇ ಮಾತನಾಡುತ್ತಿದ್ದರು. ಹೊರಟವರ ಮನಸ್ಸು ಎಷ್ಟೇ ಶುದ್ಧವಾಗಿದ್ದರೂ ಅವರು ಕಣ್ಣಿಗೆ ಬೀಳುವಷ್ಟು ಹತ್ತಿರವಿದ್ದರೆ ಅತೃಪ್ತರು ಅವರ ಸುತ್ತ ಸೇರುತ್ತಾರೆ.

ಪಾಲಕರ ಮನೆಯವರನ್ನು ಸಭೆ ಹೇಗೆ ನೋಡಿಕೊಳ್ಳಬೇಕು?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಬಹಳ. ಪಾಲಕರಿಗೆ ಮುಂದೊಂದು ಸಭೆಯೋ ನಿವೃತ್ತಿಯ ಯೋಜನೆಯೋ ಇರುತ್ತದೆ. ಅವರ ಸಂಗಾತಿಗೆ ಗೆಳತಿಯರ ಬಳಗ, ಹಾಡುವ ಗುಂಪು, ಭಾನುವಾರ ಶಾಲೆಯ ತರಗತಿ, ಕೆಲವೊಮ್ಮೆ ಸ್ವಂತ ಉದ್ಯೋಗ, ಎಲ್ಲವೂ ಒಂದೇ ದಿನ ಕೈಬಿಡುತ್ತವೆ. ಸಭೆಯ ಮನೆಯಲ್ಲಿ ವಾಸವಿದ್ದವರಾದರೆ ಮನೆಯೂ ಹೋಗುತ್ತದೆ. ಮಕ್ಕಳು ಹುಟ್ಟಿದಂದಿನಿಂದ ಕಂಡ ಒಂದೇ ಸಭೆ ಅದಾಗಿರಬಹುದು. ಸನ್ಮಾನದ ದಿನ ‘ಅಮ್ಮನವರಿಗೂ ವಂದನೆ’ ಎಂಬ ಒಂದು ಸಾಲಿನಲ್ಲಿ ಮುಗಿಸದೆ, ಅವರು ಮಾಡಿದ ಕೆಲಸವನ್ನು ಬಿಡಿಸಿ ಹೇಳಬೇಕು. ಮನೆ ಖಾಲಿ ಮಾಡಲು ಸಾಕಷ್ಟು ಕಾಲಾವಕಾಶ ಕೊಡುವುದು ಸನ್ಮಾನಕ್ಕಿಂತ ಹೆಚ್ಚು ನೆನಪಿನಲ್ಲುಳಿಯುತ್ತದೆ.

ಸಭೆಯ ಮಕ್ಕಳಿಗೆ ಹೇಗೆ ತಿಳಿಸಬೇಕು?

ನೇರವಾಗಿ, ದೊಡ್ಡವರಿಗೆ ತಿಳಿಸಿದ ದಿನವೇ. ‘ನಮ್ಮಿಂದ ಏನೋ ತಪ್ಪಾಯಿತು, ಅದಕ್ಕೇ ಹೋಗುತ್ತಿದ್ದಾರೆ’ ಎಂದು ಚಿಕ್ಕ ಮಕ್ಕಳು ಭಾವಿಸಬಹುದು. ಹಾಗಲ್ಲವೆಂದು ಪಾಲಕರೇ ಬಾಯಿಬಿಟ್ಟು ಹೇಳಬೇಕು. ಹೊಸ ಪಾಲಕರು ಬರುವವರೆಗೆ ಭಾನುವಾರ ಶಾಲೆಯನ್ನು ಯಾರು ನೋಡಿಕೊಳ್ಳುತ್ತಾರೆಂಬುದೂ ಅವರಿಗೆ ಗೊತ್ತಿರಬೇಕು.

ಸಭೆಯವರ ದುಃಖ ಎಷ್ಟು ದಿನ ಇರುತ್ತದೆ?

ಮೋಶೆ ಸತ್ತಾಗ ಇಸ್ರಾಯೇಲ್ಯರು 30 ದಿನ ದುಃಖಿಸಿದರೆಂದೂ ಆ ದಿನಗಳು ಮುಗಿದವೆಂದೂ ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯದಲ್ಲಿದೆ. ಇಲ್ಲಿ ಯಾರೂ ಸತ್ತಿಲ್ಲ, ಆದ್ದರಿಂದಲೇ ದುಃಖಿಸಲು ಜನರಿಗೆ ಸಂಕೋಚವಾಗುತ್ತದೆ. ಕೆಲವರು ಆರಾಧನೆಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ, ಕೆಲವರು ಹೊಸಬರ ಮೇಲೆ ಕಾರಣವಿಲ್ಲದೆ ರೇಗುತ್ತಾರೆ, ಕೆಲವರಿಗೆ ಹೊರಟವರ ಮೇಲೆಯೇ ಸಿಟ್ಟು. ಹಿರಿಯರು ಇದನ್ನು ಶಿಸ್ತಿನ ಪ್ರಶ್ನೆಯಾಗಿ ನೋಡದೆ ದುಃಖವೆಂದು ಗುರುತಿಸಿ, ಅಂಥವರ ಮನೆಗೆ ಹೋಗಿ ಕುಳಿತು ಕೇಳಿದರೆ ಹೆಚ್ಚಿನವರು ಮುಂದಿನ ಕೆಲವು ತಿಂಗಳಲ್ಲಿ ತಮ್ಮ ಸಾಲಿಗೆ ಮರಳುತ್ತಾರೆ.

ಕೊನೆಯ ಭಾನುವಾರದ ನಂತರ ಪಾಲಕರು ಏನು ಮಾಡಬೇಕು?

ಮುಂದಿನ ಭಾನುವಾರ ಎಲ್ಲಿ ಆರಾಧಿಸುತ್ತೀರೆಂದು ಮೊದಲೇ ನಿಶ್ಚಯಿಸಿಕೊಳ್ಳಿರಿ. ವರ್ಷಗಳ ಅಭ್ಯಾಸದಿಂದ ಬೆಳಿಗ್ಗೆ ಬೇಗನೆ ಎಚ್ಚರವಾಗುತ್ತದೆ, ಪ್ರಸಂಗದ ಪುಟಗಳನ್ನು ಕೈ ತಡಕುತ್ತದೆ. ನಾನು ಅಂದು ಯಾರೂ ನನ್ನನ್ನು ಅರಿಯದ ಒಂದು ಸಭೆಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ. ಕೀರ್ತನೆಯ ಪುಸ್ತಕ ಕೊಟ್ಟ ಹುಡುಗ ‘ಮೊದಲ ಸಲ ಬಂದಿರಾ?’ ಎಂದು ಕೇಳಿದ. ಹೌದು ಎಂದೆ.